ಯಾಕಮ್ಮ ಕಳಿಸಿದ ಹನ್ನೆರಡು ಅಂಗಿ

ನನ್ನ ತಂಗಿ ಏನು ಕೆಲಸ ಮಾಡುತ್ತಾಳೆ ಎಂದು ಅಂಗಡಿಗೆ ಬಂದವರು ಕೇಳಿದರೆ ನಾನು ಹೇಳುತ್ತಿದ್ದುದು ಒಂದೇ ಮಾತು: "ಜನ ಕೂರೋದನ್ನ ನೋಡ್ತಾಳೆ." ಕೇಳಿದವರು ನಗುತ್ತಿದ್ದರು. ನನಗೂ ಅದೇ ಬೇಕಿತ್ತು. ಅವಳು ಓದಿದ ಶಾಸ್ತ್ರದ ಹೆಸರು ಎರ್ಗೊನಾಮಿಕ್ಸ್. ಮನುಷ್ಯನನ್ನು ಹಿಂಡಿ ಕೆಲಸಕ್ಕೆ ಹೊಂದಿಸುವ ಬದಲು, ಕೆಲಸವನ್ನೇ ಅವನ ಕೈಕಾಲು, ಕಣ್ಣು, ಮರೆವು, ಸೋಮಾರಿತನ ಎಲ್ಲಕ್ಕೂ ಹೊಂದಿಸುವ ವಿದ್ಯೆಯಂತೆ. ಮೊದಲ ಸಲ ಅವಳು ಹಾಗೆ ವಿವರಿಸಿದಾಗ ನಾನು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಹೇಳಿದೆ: "ಅದನ್ನ ದರ್ಜಿಗಳು ಯಾವ ಕಾಲದಿಂದಲೋ ಮಾಡ್ಕೊಂಡು ಬಂದಿದಾರೆ ಕಣೆ. ನಮಗ್ಯಾರೂ ಡಾಕ್ಟರೇಟ್ ಕೊಡ್ಲಿಲ್ಲ, ಅಷ್ಟೇ."

ಹೊಟ್ಟೆಕಿಚ್ಚು ಅಂತೀರಾ? ಅನ್ನಿ, ನಾನೇನೂ ಇಲ್ಲ ಅನ್ನುವುದಿಲ್ಲ. ಆದರೂ ಅವಳ ಕಥೆಯನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ಪ್ರಶಸ್ತಿ, ಸನ್ಮಾನ, ಭಾಷಣ ಎಂದು ಮುಗಿಸಿಬಿಡುತ್ತಾರೆ. ಅವಳ ಮೂವತ್ತು ವರ್ಷದ ಕೆಲಸದಲ್ಲಿ ಒಂದೇ ಒಂದು ದೊಡ್ಡ ತಪ್ಪಾಯಿತು. ಅದು ಹೇಗಾಯಿತು ಎಂದು ಪೂರ್ತಿ ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ.

ನಮ್ಮಪ್ಪನದು ಒಂದೇ ಬಾಗಿಲಿನ ದರ್ಜಿ ಅಂಗಡಿ. ಬಾಗಿಲ ಹತ್ತಿರ ಇಸ್ತ್ರಿ ಮೇಜು, ನಡುವೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಮಷೀನು, ಅದರ ಮುಂದೆ ಮರದ ಸ್ಟೂಲು. ಸ್ಟೂಲಿನ ಮೇಲೆ ಕೂತು ತಲೆ ಎತ್ತಿದರೆ ಎದುರಿಗೆ ಬಾಗಿಲ ಪಕ್ಕದ ಖಾಲಿ ಗೋಡೆ. ಹೊಸ ಬಟ್ಟೆಗಿಂತ ರಿಪೇರಿ ಬಟ್ಟೆಯೇ ಜಾಸ್ತಿ ಬರುತ್ತಿತ್ತು. ಸಂಜೆ ಅಪ್ಪ ಯಾವುದಾದರೂ ಹಳೆಯ ಅಂಗಿ ಎತ್ತಿ ಹಿಡಿದು ನಮ್ಮಿಬ್ಬರನ್ನೂ ಕೇಳುತ್ತಿದ್ದ: "ಇದು ಯಾರದು ಹೇಳಿ ನೋಡೋಣ?" ಎಡ ಮೊಣಕೈ ಸವೆದು ಬಲದ್ದು ಹೊಸದಾಗಿಯೇ ಇದ್ದರೆ ಎಡಗೈ ಊರಿ ಬರೆಯುವ ಕೆಲಸದವನು. ಹೊಟ್ಟೆಯ ಹತ್ತಿರ ಅಡ್ಡಕ್ಕೆ ಒಂದು ಗೆರೆಯಂತೆ ಸವೆದಿದ್ದರೆ ಅಂಗಡಿ ಕೌಂಟರಿಗೆ ಒರಗಿ ನಿಲ್ಲುವವನು. ಒಂದೇ ಹೆಗಲು ಜೋತಿದ್ದರೆ ಹೊರೆ ಹೊರುವವನು. ನಾನು ಒಂದು ಸಲವೂ ಸೋತವಳಲ್ಲ. ತಂಗಿ ಒಂದು ಸಲವೂ ಗೆದ್ದವಳಲ್ಲ. ಅವಳದು ಬರೀ ಪ್ರಶ್ನೆ. "ಯಾಕೆ ಒರಗ್ತಾನೆ? ಕೂರೋಕೆ ಸ್ಟೂಲ್ ಇಲ್ವಾ? ಯಾಕಿಲ್ಲ?" ಅಪ್ಪ ನಕ್ಕು ಅವಳಿಗೆ ಯಾಕಮ್ಮ ಅಂತ ಹೆಸರಿಟ್ಟ. ಸರಿ ಉತ್ತರ ಹೇಳಿದವಳು ನಾನು, ಹೆಸರು ಬಂದದ್ದು ಅವಳಿಗೆ. ನನಗೆ ಆವಾಗಲೇ ಬುದ್ಧಿ ಬರಬೇಕಿತ್ತು.

ಅಪ್ಪನ ಕೈ ನಡುಗಲು ಶುರುವಾದಾಗ ನನಗೆ ಹದಿನೈದು, ಅವಳಿಗೆ ಒಂಬತ್ತು. ಕತ್ತರಿ ಹಿಡಿಯಲು ಯಾರಾದರೂ ಬೇಕಿತ್ತು. "ನೀನು ದೊಡ್ಡವಳಲ್ವಾ" ಅಂದಳು ಅಮ್ಮ. ನಮ್ಮ ಮನೆಯಲ್ಲಿ ದೊಡ್ಡವಳಾಗಿ ಹುಟ್ಟುವುದೇ ಒಂದು ಉದ್ಯೋಗ. ಶಾಲೆಯ ಚೀಲ ಮೊಳೆಗೆ ನೇತುಹಾಕಿ ನಾನು ಸ್ಟೂಲಿನ ಮೇಲೆ ಕೂತೆ, ಇವತ್ತಿಗೂ ಅಲ್ಲಿಂದ ಎದ್ದಿಲ್ಲ. ಅವಳು ಓದಿದಳು, ಮತ್ತೂ ಓದಿದಳು, ಓದುವುದಕ್ಕೆ ಇನ್ನೇನೂ ಉಳಿದಿರಲಾರದು ಅಂದುಕೊಂಡಾಗ ಇನ್ನೂ ನಾಲ್ಕು ವರ್ಷ ಓದಿದಳು. ಕೊನೆಗೆ ಒಂದು ಸಂಶೋಧನಾಲಯದಲ್ಲಿ ಕೆಲಸ ಸಿಕ್ಕಿತು. ಏನು ಕೆಲಸ ಅಂತ ಕೇಳಿದರೆ, ಜನರ ಅಳತೆ ತೆಗೆಯುವುದು! ಕೂತಾಗ ಮೊಣಕೈ ಎಷ್ಟು ಎತ್ತರ, ಕೈ ಚಾಚಿದರೆ ಬೆರಳು ಎಲ್ಲಿಗೆ ತಲುಪುತ್ತದೆ, ತೊಡೆ ಎಷ್ಟು ಉದ್ದ. ಮಿಕ್ಸಿಯ ಜಾರಿನಂತೆ ಮಿರುಗುವ ಒಂದು ಸಲಕರಣೆ ಹಿಡಿದು ಎರಡು ಸಾವಿರ ಜನರನ್ನು ಅಳೆದಳಂತೆ. ಅಷ್ಟು ಹೊತ್ತಿಗೆ ಬರೀ ಟೇಪು ಹಿಡಿದು ಅದರ ಮೂರರಷ್ಟು ಜನರನ್ನು ಅಳೆದವಳು ಇಲ್ಲೇ ಕೂತಿದ್ದೆ. ನನ್ನನ್ನು ಯಾರೂ ಸಂಶೋಧಕಿ ಅನ್ನಲಿಲ್ಲ, ಟೈಲರಮ್ಮ ಅಂದರು.

ಆ ಎರಡು ಸಾವಿರ ಅಳತೆಯಿಂದ ಅವಳು ಮಾಡಿಸಿದ ಮೊದಲ ಮೇಜು ಯಾರಿಗೂ ಹೊಂದಲಿಲ್ಲ. ಎತ್ತರ ಹೆಚ್ಚಾಯಿತು. ಅಳುಮುಖ ಮಾಡಿಕೊಂಡು ಅಂಗಡಿಗೆ ಬಂದಳು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆದರೂ ಆ ದಿನಗಳಲ್ಲಿ ನನ್ನ ನಾಲಿಗೆ ಒಳ್ಳೆಯದಿತ್ತು.

"ಹೇಗೆ ಅಳೆದೆ?" ಅಂದೆ.

"ನೇರವಾಗಿ ನಿಲ್ಲಿಸಿ, ನೇರವಾಗಿ ಕೂರಿಸಿ."

"ಟೇಪು ಕಂಡ ತಕ್ಷಣ ಜನ ಹೊಟ್ಟೆ ಒಳಗೆ ಎಳ್ಕೋತಾರೆ, ಬೆನ್ನು ಸೆಟೆಸ್ತಾರೆ. ಅದು ಅವರ ಮೈಯಲ್ಲ ಕಣೆ, ಅವರ ಮರ್ಯಾದೆ. ನಾನು ಮಕ್ಕಳು ಹೇಗಿದಾರೆ ಅಂತ ಮಾತಿಗೆ ಎಳೀತೀನಿ. ಮಕ್ಕಳ ಮೇಲೆ ದೂರು ಹೇಳೋಕೆ ಶುರು ಮಾಡಿದ್ರೋ, ಹೊಟ್ಟೆ ತಾನಾಗೇ ಹೊರಗೆ ಬರುತ್ತೆ. ಆಗ ಟೇಪು ಹಿಡೀತೀನಿ."

ಅವಳು ಬಿದ್ದು ಬಿದ್ದು ನಕ್ಕಳು. ನಕ್ಕು ಪುಸ್ತಕ ತೆಗೆದು ಬರೆದುಕೊಂಡಳು. ಎರಡನೇ ಮೇಜು ಹೊಂದಿತು. ಅವಳ ಹೆಸರಿನಲ್ಲಿ ಒಂದು ಲೇಖನ ಅಚ್ಚಾಯಿತು. ಅದರಲ್ಲಿ ಮಕ್ಕಳ ಸುದ್ದಿಯೂ ಇತ್ತಂತೆ, ಹೊಟ್ಟೆಯ ಸುದ್ದಿಯೂ ಇತ್ತಂತೆ. ನನ್ನ ಸುದ್ದಿ ಇರಲಿಲ್ಲ.

ಅವಳು ಹೆಸರಾದದ್ದು ಒಂದು ನೀರಿನ ಪಂಪ್‌ಹೌಸಿನಲ್ಲಿ. ಅಲ್ಲಿನ ಆಪರೇಟರ್ ಒಬ್ಬ ಎಳೆಯಬೇಕಾದ ಹಿಡಿ ಬಿಟ್ಟು ಪಕ್ಕದ ಹಿಡಿ ಎಳೆದುಬಿಟ್ಟ, ಅರ್ಧ ಊರಿಗೆ ಎರಡು ದಿನ ನೀರಿಲ್ಲ. ಅವನನ್ನು ಮನೆಗೆ ಕಳಿಸಬೇಕೆಂದು ಎಲ್ಲರೂ ತೀರ್ಮಾನಿಸಿದ್ದರು. ಇವಳು ಹೋಗಿ ಅವನ ಕುರ್ಚಿಯಲ್ಲಿ ಇಡೀ ಪಾಳಿ ಕೂತಳು. ಏಳನೇ ಗಂಟೆಯಲ್ಲಿ ಇವಳೂ ತಪ್ಪು ಹಿಡಿಯನ್ನೇ ಎಳೆದಳಂತೆ! ಎರಡೂ ಹಿಡಿಗಳು ಅವಳಿಜವಳಿಯ ಹಾಗೆ ಒಂದೇ ಥರ ಇದ್ದವು. ಒಂದನ್ನು ಉರುಟು, ಒಂದನ್ನು ಚೌಕ ಮಾಡಿಸಿದಳು. ಕಣ್ಣು ದಣಿದರೂ ಕೈಗೆ ಗೊತ್ತಾಗಲಿ ಅಂತ. ಆ ಆಪರೇಟರನ ಕೆಲಸ ಉಳಿಯಿತು. ಅಲ್ಲಿಂದಾಚೆಗೆ ಅವಳು ಎಲ್ಲಿ ಮಾತಾಡಿದರೂ ಒಂದು ಮಾತು ಹೇಳುತ್ತಿದ್ದಳು: "ತಪ್ಪು ಮಾಡಿದವನನ್ನ ಬೈಯೋಕೆ ಮುಂಚೆ ಅವನು ಕೂತ ಜಾಗದಲ್ಲಿ ಒಂದು ಸಲ ಕೂತು ನೋಡಿ." ಜನ ಆಹಾ ಅಂದರು. ನಾನು ಕೋಟಿನ ಒಳಜೇಬಿಗೆ ಯಾವಾಗಲೂ ಬೇರೆ ಆಕಾರದ ಗುಂಡಿ ಹಾಕುತ್ತೇನೆ, ನೋಡದೆಯೇ ಬೆರಳಿಗೆ ಸಿಗಲಿ ಅಂತ. ಅದನ್ನು ಅವಳು ಚಿಕ್ಕಂದಿನಿಂದ ನೋಡಿದವಳಲ್ಲವೇ? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಲಿಲ್ಲ ದೊಡ್ಡವರು.

ಇಷ್ಟೆಲ್ಲ ಆದರೂ ನಾನು ನುಂಗಿಕೊಂಡಿದ್ದೆ. ನುಂಗಲಾಗದೆ ಹೋದದ್ದು ಪ್ರಶಸ್ತಿಯ ದಿನ. ಅಮ್ಮ, ನಾನು, ನಮ್ಮ ಯಜಮಾನರು ಮೂರನೇ ಸಾಲಿನಲ್ಲಿ ಕೂತಿದ್ದೆವು. ನಮ್ಮ ಯಜಮಾನರು ನಮ್ಮ ಅಂಗಡಿಯಲ್ಲೇ ಇಸ್ತ್ರಿ ಮಾಡುತ್ತಾರೆ. ಮಾತು ಕಮ್ಮಿ, ಪೇಪರ್ ಓದುವುದು ಜಾಸ್ತಿ. ಯಾಕಮ್ಮ ವೇದಿಕೆಯ ಮೇಲೆ ನಿಂತು ಗುರುಗಳಿಗೆ, ನಿರ್ದೇಶಕರಿಗೆ, ಸಹೋದ್ಯೋಗಿಗಳಿಗೆ, ವ್ಯಾನು ಓಡಿಸುವವನಿಗೆ, ಕೊನೆಗೆ "ನನ್ನ ಮನೆಯವರಿಗೆ" ಥ್ಯಾಂಕ್ಸ್ ಹೇಳಿದಳು. ಮನೆಯವರು! ವ್ಯಾನಿನವನಿಗೆ ಒಂದು ಇಡೀ ವಾಕ್ಯ, ನನಗೆ ಒಂದು ಪದದಲ್ಲಿ ಮೂರನೇ ಒಂದು ಪಾಲು. ಅವಳು ತೊಟ್ಟಿದ್ದ ಕೋಟು ಕೂಡ ನಾನು ಹೊಲಿದದ್ದು.

ಮರುದಿನ ಅಂಗಡಿಗೆ ಬಂದಾಗ ನಾನು ಕತ್ತರಿ ಕೆಳಗಿಡದೆ ಹೇಳಿದೆ: "ಇನ್ಮೇಲೆ ನಿನ್ನ ಆಫೀಸಿನ ವಿಷಯ ಈ ಹೊಸ್ತಿಲು ದಾಟಿ ಒಳಗೆ ತರಬೇಡ. ನನ್ನನ್ನ ಒಂದು ಮಾತೂ ಕೇಳಬೇಡ." ಅವಳು ಯಾಕೆ ಅಂತ ಕೇಳಲಿಲ್ಲ. ಹುಟ್ಟಿದಾಗಿನಿಂದ ಅದೊಂದೇ ಸಲ ಅವಳು ಯಾಕೆ ಅನ್ನದೆ ಸುಮ್ಮನಿದ್ದದ್ದು.

ಅಮ್ಮ ಮಾತ್ರ ನನ್ನ ಗಾಯಕ್ಕೆ ಉಪ್ಪು ಹಾಕಲೆಂದೇ ಹೆತ್ತವಳ ಹಾಗೆ, ಪೇಪರಿನಲ್ಲಿ ಬಂದಿದ್ದ ಪ್ರಶಸ್ತಿಯ ಫೋಟೋಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲೇ ತಂದು ನೇತುಹಾಕಿದಳು. ಎಲ್ಲಿ? ಖಾಲಿ ಇದ್ದದ್ದು ಮಷೀನಿನ ಎದುರಿನ ಗೋಡೆ ಒಂದೇ. ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ, ಅದು ಅವರ ಬೆನ್ನ ಹಿಂದೆ, ಕಾಣುವುದೂ ಇಲ್ಲ. ಸ್ಟೂಲಿನ ಮೇಲೆ ಕೂತವಳು ದಾರ ಕತ್ತರಿಸಲು ತಲೆ ಎತ್ತಿದಾಗಲೆಲ್ಲ ಫಲಕ ಹಿಡಿದು ನಗುವ ಯಾಕಮ್ಮ ಕಾಣುತ್ತಾಳೆ. ಅಮ್ಮ ಹೋಗಿ ಆರು ವರ್ಷವಾಯಿತು. ಅವಳು ಹೊಡೆದ ಮೊಳೆ ಕೀಳಲು ನನಗೆ ಕೈ ಬರಲಿಲ್ಲ.

ಇನ್ನು ಚೀಲಗಳ ವಿಷಯ. ತಂಗಿ ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ನಂತರ ಸಂಶೋಧನಾಲಯದಿಂದ ನನ್ನ ಅಂಗಡಿಗೆ ರಿಪೇರಿ ಬಟ್ಟೆಯ ಚೀಲಗಳು ಬರುತ್ತಿದ್ದವು. ಅವಳು ಯಾರ ಕೆಲಸವನ್ನು ಅಭ್ಯಾಸ ಮಾಡುತ್ತಿದ್ದಳೋ ಅವರ ಸಮವಸ್ತ್ರಗಳು. ಒಂದೊಂದಕ್ಕೂ ಒಂದು ನಂಬರಿನ ಚೀಟಿ. ಒಮ್ಮೆ ನರ್ಸುಗಳದು, ಒಮ್ಮೆ ಅಂಚೆ ವಿಂಗಡಿಸುವವರದು. ಅಕ್ಕನಿಗೂ ನಾಲ್ಕು ಹೊಲಿಗೆ ಕೆಲಸ ಸಿಗಲಿ ಅಂತ ಕರುಣೆಯಿಂದ ಎಸೆಯುತ್ತಾಳೆ ಅಂತ ನಾನು ತಿಳಿದಿದ್ದೆ. ಶನಿವಾರ ಅವಳೇ ಬಂದು ಕಾಫಿ ಕುಡಿದು ಚೀಲ ಒಯ್ಯುತ್ತಿದ್ದಳು. ಜಗಳ ಆದ ಮೇಲೂ ಚೀಲ ಬರುವುದು ನಿಲ್ಲಲಿಲ್ಲ. ಅವಳು ಏನನ್ನೂ ಕೇಳುತ್ತಿರಲಿಲ್ಲ. ಆದರೆ ನನ್ನ ಬಾಯಿಗೆ ಬೀಗ ಎಲ್ಲಿ? "ಈ ನರ್ಸುಗಳನ್ನ ಯಾವ ಪುಣ್ಯಾತ್ಮ ಹೀಗೆ ಬಗ್ಗಿಸ್ತಾನೋ, ಎಲ್ಲರ ಬಲ ಮಂಡಿನೂ ಸವೆದಿದೆ" ಅಂತ ಗೊಣಗುತ್ತಿದ್ದೆ. ಮಂಚ ಎತ್ತರಿಸುವ ತಿರುಗುಹಿಡಿ ತೀರ ಕೆಳಗಿತ್ತಂತೆ, ಬಲ ಮಂಡಿ ಊರಿ ತಿರುಗಿಸಬೇಕಿತ್ತಂತೆ. ಮೂರು ತಿಂಗಳ ನಂತರ ಆಸ್ಪತ್ರೆಯ ಮಂಚಗಳಿಗೆ ಹೊಸ ಹಿಡಿ ಬಂದ ಸುದ್ದಿಯನ್ನು ನಮ್ಮ ಯಜಮಾನರು ಪೇಪರಿನಲ್ಲಿ ಗಟ್ಟಿಯಾಗಿ ಓದಿದರು. ಕೆಳಗೆ ಯಾಕಮ್ಮನ ಹೆಸರು. ನನಗೆ ಮೈಯೆಲ್ಲ ಉರಿಯಿತು. ಕಾಫಿಯೂ ನನ್ನದೇ, ಮಾತೂ ನನ್ನದೇ, ಹೆಸರು ಮಾತ್ರ ಅವಳದು!

ನಡುವೆ ಒಂದು ಕುರ್ಚಿ ಕಳಿಸಿದಳು. ಏರಿಸಿ ತಗ್ಗಿಸಬಹುದು, ಬೆನ್ನು ಆನಿಸಬಹುದು, ನನಗಾಗಿಯೇ ಮಾಡಿಸಿದ್ದು. ಅದರ ಮೇಲೆ ಕತ್ತರಿಸಿದ ಬಟ್ಟೆಗಳನ್ನು ಪೇರಿಸಿ ಇಟ್ಟೆ. ನನಗೆ ಸೊಂಟ ನೋವು ಶುರುವಾಗಿ ನಾಲ್ಕು ವರ್ಷವಾಗಿತ್ತು, ಆದರೂ ಅಪ್ಪನ ಸ್ಟೂಲು ಬಿಡಲಿಲ್ಲ. ಅವಳ ಕುರ್ಚಿಯಲ್ಲಿ ಕೂತು ಸುಖಪಡುವುದಕ್ಕಿಂತ ನೋವೇ ವಾಸಿ ಅನ್ನಿಸಿತ್ತು. ನಗಬೇಡಿ, ಹೊಟ್ಟೆಕಿಚ್ಚಿಗೆ ತನ್ನದೇ ಒಂದು ಹಟ ಇರುತ್ತದೆ.

ಹೋದ ವರ್ಷ ಬಸ್ಸಿನ ಕೆಲಸ ಬಂತು. ನಗರದ ಬಸ್ಸುಗಳಿಗೆಲ್ಲ ಚಾಲಕರ ಹೊಸ ಕ್ಯಾಬಿನ್. ಸೀಟು, ಕನ್ನಡಿ, ಪೆಡಲು ಎಲ್ಲ ಯಾಕಮ್ಮನ ಲೆಕ್ಕದಲ್ಲಿ. ಅವಳ ಜೀವಮಾನದಲ್ಲೇ ದೊಡ್ಡ ಕೆಲಸ ಅದು. ಇದು ದಡ ಮುಟ್ಟಿದರೆ ಸಂಶೋಧನಾಲಯದ ಮುಖ್ಯಸ್ಥೆ ಅವಳೇ ಅಂತ ಪೇಪರಿನಲ್ಲಿ ಬಂದಿತ್ತು. ಹನ್ನೆರಡು ಚಾಲಕರು ಮೂರು ತಿಂಗಳು ಓಡಿಸಿ ಪರೀಕ್ಷೆ ಮಾಡಬೇಕು. ತಿಂಗಳಿಗೊಂದು ಚೀಲದಲ್ಲಿ ಅವರ ಸಮವಸ್ತ್ರ ನನ್ನ ಮೇಜಿಗೆ ಬಂತು.

ಮೊದಲನೇ ಚೀಲ ಬಿಚ್ಚಿದಾಗಲೇ ನನಗೆ ಕಂಡಿತು. ಒಂದು ಅಂಗಿಯಲ್ಲಿ ಕಂಡಿದ್ದರೆ ಆ ಮನುಷ್ಯನ ಚಾಳಿ ಅನ್ನಬಹುದಿತ್ತು. ಹನ್ನೆರಡರಲ್ಲೂ ಒಂದೇ ಥರ. ಎಡ ಹೆಗಲಿನ ಹಿಂಭಾಗ ಸೀಟಿನ ಅಂಚಿಗೆ ಉಜ್ಜಿ ಜುಂಗು ಎದ್ದಿತ್ತು, ಬಲ ಹೆಗಲು ಹೊಸದರ ಹಾಗೇ ಇತ್ತು. ಪ್ಯಾಂಟಿನ ಎಡ ಕುಂಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಲ ಕಂಕುಳಿನ ಹೊಲಿಗೆ ಬಿಟ್ಟಿತ್ತು. ಬಲಗೈ ಸ್ಟಿಯರಿಂಗ್ ಬಿಡದೆ, ಮೈ ಮಾತ್ರ ಎಡಕ್ಕೆ ತಿರುಚಿ ಹಿಂದೆ ನೋಡುವವರ ಬಟ್ಟೆ ಅದು. ದಿನಕ್ಕೆ ಒಂದೆರಡು ಸಲ ಅಲ್ಲ, ನೂರಾರು ಸಲ. ಏಳನೇ ನಂಬರಿನ ಅಂಗಿ ಎಲ್ಲಕ್ಕಿಂತ ಹೆಚ್ಚು ಹಾಳಾಗಿತ್ತು. ಅವನ ತೋಳು ಎಲ್ಲರಿಗಿಂತ ಒಂದೂವರೆ ಇಂಚು ಉದ್ದ. ಅವನಿಗೆ ಮನಸ್ಸಿನಲ್ಲೇ ಉದ್ದಗೈಯವನು ಅಂತ ಹೆಸರಿಟ್ಟೆ.

ಮಾತು ನಾಲಿಗೆಯ ತುದಿಯವರೆಗೆ ಬಂತು. ತಲೆ ಎತ್ತಿದೆ. ಎದುರಿಗೆ ಗೋಡೆಯ ಮೇಲೆ ಯಾಕಮ್ಮ ಫಲಕ ಹಿಡಿದು ನಗುತ್ತಿದ್ದಳು. ಈ ಸಲ ನನ್ನ ಬಾಯಿಂದ ಒಂದಕ್ಷರ ಕದಿಯಲು ಬಿಡಬಾರದು ಅಂತ ಅಲ್ಲೇ ತೀರ್ಮಾನ ಮಾಡಿದೆ. ಅಷ್ಟೊಂದು ಸಲಕರಣೆ ಇದೆಯಲ್ಲ, ಕ್ಯಾಮೆರಾ ಇದೆಯಲ್ಲ, ಡಾಕ್ಟರೇಟ್ ಇದೆಯಲ್ಲ, ಅವೇ ಕಂಡುಹಿಡಿಯಲಿ. ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು. ಜುಂಗೆದ್ದ ಹೆಗಲಿಗೆ ಎಳೆ ಎಳೆ ಹಿಡಿದು ರಫು ಹಾಕಿದೆ. ಹೊಳೆಯುವ ಜಾಗಕ್ಕೆ ಒದ್ದೆ ಬಟ್ಟೆ ಹಾಕಿ ಹಬೆ ಕೊಟ್ಟು ಬ್ರಷ್ ಉಜ್ಜಿದೆ. ಕಂಕುಳಿಗೆ ಹಳೆಯ ತೂತುಗಳಲ್ಲೇ ಹೊಸ ಹೊಲಿಗೆ ಕೂಡಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಚಂದದ ರಿಪೇರಿ ಮಾಡಿದವಳಲ್ಲ. ಯಾರು ನೋಡಿದರೂ ಏನೂ ಗೊತ್ತಾಗಬಾರದು, ಹಾಗೆ.

ಇಸ್ತ್ರಿ ಹಾಕುತ್ತಾ ನಮ್ಮ ಯಜಮಾನರು ಕೇಳಿದರು: "ಏನಿದು, ಈ ಸಲ ಬೈಗುಳನೇ ಇಲ್ಲ?"

"ಬೈಯೋಕೆ ಏನೂ ಸಿಗ್ಲಿಲ್ಲ" ಅಂದೆ.

ಶನಿವಾರ ಯಾಕಮ್ಮ ಬಂದಳು. ಕಾಫಿ ಮುಗಿದ ಮೇಲೂ ಕೂತೇ ಇದ್ದಳು. ಲೋಟ ತಿರುಗಿಸುತ್ತಾ ನನ್ನ ಮುಖ ನೋಡಿದಳು, ಚೀಲ ನೋಡಿದಳು. ನಾನು ಬಾಬಿನ್ನಿಗೆ ದಾರ ಸುತ್ತುತ್ತಾ ಕೂತೆ. ಎರಡನೇ ತಿಂಗಳೂ ಹಾಗೇ, ಮೂರನೇ ತಿಂಗಳೂ ಹಾಗೇ. ಮೂರನೇ ಸಲ ಎದ್ದು ಹೋಗುವಾಗ ಅವಳ ಮುಖ ಅರಳಿತ್ತು. ನನಗೂ ಒಳಗೊಳಗೇ ಖುಷಿ. ಇಬ್ಬರೂ ಖುಷಿಯಾಗಿದ್ದೆವು, ನೋಡಿ.

ವರದಿಗೆ ಅವಳು ಸಹಿ ಹಾಕಿದಳು. ಇನ್ನೂರು ಬಸ್ಸಿಗೆ ಹೊಸ ಕ್ಯಾಬಿನ್ ಬಂತು.

ಐದು ತಿಂಗಳ ಮೇಲೆ ಒಂದು ಮಧ್ಯಾಹ್ನ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ ಮೂರು ಖಾಕಿ ಅಂಗಿ ತಂದು ಮೇಜಿನ ಮೇಲಿಟ್ಟ.

"ಟೈಲರಮ್ಮ, ಈ ಗುಂಡಿಗಳನ್ನೆಲ್ಲ ತೆಗೆದು ಒತ್ತಿದ್ರೆ ಹಿಡ್ಕೊಳ್ಳೋ ಟಿಚ್ ಬಟನ್ ಹಾಕ್ಕೊಡ್ತೀರಾ? ನನಗೆ ಗುಂಡಿ ಹಾಕೋಕೆ ಕೈ ಏಳ್ತಿಲ್ಲ. ಮಗಳು ಹಾಕ್ಕೊಡ್ತಾಳೆ, ಅವಳ ಸ್ಕೂಲಿನ ಆತುರದಲ್ಲಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ."

ಅಂಗಿ ಬಿಡಿಸಿದೆ. ತೋಳು ಒಂದೂವರೆ ಇಂಚು ಉದ್ದ. ಎಡ ಹೆಗಲ ಹಿಂದೆ ನನ್ನದೇ ರಫು. ಅದರ ಸುತ್ತ ಬಟ್ಟೆ ಮತ್ತೆ ಜುಂಗೆದ್ದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನ ಅಂಗಿಯ ಹೆಗಲನ್ನು ಕೈಯಿಂದ ಮುಚ್ಚಿ ಹಿಡಿದೆ.

"ಏನಾಯ್ತು ನಿಮಗೆ?" ಅಂದೆ, ಗೊತ್ತಿಲ್ಲದವಳ ಹಾಗೆ.

"ಹೊಸ ಕ್ಯಾಬಿನ್ನಮ್ಮ. ನನ್ನ ಪಕ್ಕ ಒಂದು ಗಾಜಿನ ತಡೆ ಹಾಕಿದಾರೆ. ಬಿಸಿಲು ಬಿದ್ರೆ ಕನ್ನಡಿಯಲ್ಲಿ ಬರೀ ಆ ಗಾಜಿನ ಹೊಳಪು, ಹಿಂದಿನ ಬಾಗಿಲು ಕಾಣಲ್ಲ. ಯಾರಾದ್ರೂ ಹತ್ತುತಾ ಇರೋವಾಗ ಬಾಗಿಲು ಹಾಕೋಕಾಗುತ್ತಾ? ಸ್ಟಾಪಿಗೊಂದ್ಸಲ ತಿರುಗಿ ನೋಡ್ತೀನಿ. ದಿನಕ್ಕೆ ಮುನ್ನೂರು ಸ್ಟಾಪು."

"ಪರೀಕ್ಷೆ ಮಾಡೋವಾಗ ಹೇಳ್ಲಿಲ್ವಾ?"

"ಮೇಡಂ ಕೇಳಿದ್ರು, ಎಷ್ಟು ಸಲ ಕೇಳಿದ್ರು! ಡಿಪೋ ನೆರಳಲ್ಲಿ ಸೀಟಿನ ಮೇಲೆ ಕೂತೂ ನೋಡಿದ್ರು. ಆದ್ರೆ ಕಾಣಲ್ಲ ಅಂದ್ರೆ ಡಿಪೋದಲ್ಲಿ ಕಣ್ಣಿನ ಪರೀಕ್ಷೆಗೆ ಕಳಿಸ್ತಾರೆ. ಕಣ್ಣು ಸರಿಯಿಲ್ಲ ಅಂತ ಬರೆದ್ರೆ ಲೈಸೆನ್ಸ್ ಹೋಯ್ತು. ಹನ್ನೆರಡು ಜನನೂ ಮಾತಾಡ್ಕೊಂಡು ಚೆನ್ನಾಗಿ ಕಾಣುತ್ತೆ ಅಂದ್ಬಿಟ್ವಿ. ಅವರು ಪಕ್ಕದಲ್ಲಿದ್ದಾಗ ಕನ್ನಡಿನೇ ನೋಡ್ತಿದ್ವಿ." ಅವನು ನಗಲು ಹೋದ, ಕುತ್ತಿಗೆ ಬಿಡಲಿಲ್ಲ. "ಈಗ ಮೂವತ್ತು ಜನ ರಜದಲ್ಲಿದೀವಿ."

ಮೂರು ಅಂಗಿಗೂ ಟಿಚ್ ಬಟನ್ ಹಾಕಿಕೊಟ್ಟೆ. ಹಳೆಯ ಗುಂಡಿಗಳ ಕಾಜಗಳನ್ನು ಮುಚ್ಚಿ ಹೊಲಿಯುವಾಗ ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಗೆದ್ದರೆ ಹೇಗಿರುತ್ತದೆ ಅಂತ ನಾನು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಗೆದ್ದಿದ್ದೆ. ಎದುರಿಗಿದ್ದ ಫೋಟೋ ನೋಡಲಾಗದೆ ಇಡೀ ಮಧ್ಯಾಹ್ನ ತಲೆ ತಗ್ಗಿಸಿಕೊಂಡೇ ಹೊಲಿದೆ.

ಆಮೇಲಿನದೆಲ್ಲ ಪೇಪರಿನಲ್ಲೇ ಬಂತು, ನಮ್ಮ ಯಜಮಾನರು ಈ ಸಲ ಗಟ್ಟಿಯಾಗಿ ಓದಲಿಲ್ಲ, ಮಡಚಿ ನನ್ನ ಮುಂದಿಟ್ಟರು. ಚಾಲಕರು ಹೇಳಿಕೊಟ್ಟ ಹಾಗೆ ಕೂರುತ್ತಿಲ್ಲ, ತಪ್ಪು ಅವರದು ಅಂತ ಬಸ್ಸಿನ ಅಧಿಕಾರಿಗಳು ಅಂದರು. ಯಾಕಮ್ಮ ಒಂದು ಪತ್ರ ಬರೆದಳು: ತಪ್ಪು ಚಾಲಕರದಲ್ಲ, ನನ್ನದು, ಗಾಜಿನ ತಡೆ ತೆಗೆಯಿರಿ, ಕನ್ನಡಿಯ ಜಾಗ ಬದಲಾಯಿಸಿ. ಅಷ್ಟೇ. ಮುಖ್ಯಸ್ಥೆಯ ಹುದ್ದೆ ಇನ್ನೊಬ್ಬರಿಗೆ ಹೋಯಿತು.

ಆ ಶನಿವಾರ ಅವಳು ಬಂದಳು. ಕೈಯಲ್ಲಿ ಚೀಲವಿರಲಿಲ್ಲ. ಅವಳೇ ಕಳಿಸಿದ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಎತ್ತಿ ಮೇಜಿಗೆ ಹಾಕಿದಳು, ಸೀಟಿನ ಮೇಲೆ ಒಮ್ಮೆ ಕೈಯಾಡಿಸಿದಳು. ಒಂದು ನೂಲೂ ಸವೆದಿರಲಿಲ್ಲ. ಅದು ಅವಳಿಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು. ಅದರ ಮೇಲೆ ಕೂತಳು.

"ಲ್ಯಾಬಿನಲ್ಲಿ ಎಲ್ಲರೂ ಕೇಳಿದ್ರು ಅಕ್ಕ, 'ಅಕ್ಕನ ವಾರ'ದಲ್ಲಿ ಏನೂ ಗೊತ್ತಾಗ್ಲಿಲ್ವಾ ಅಂತ."

"ಅಕ್ಕನ ವಾರ? ಏನದು?"

"ಚೀಲ ನಿನ್ನ ಹತ್ರ ಇರೋ ವಾರ. ಇಪ್ಪತ್ತು ವರ್ಷದಿಂದ ನಮ್ಮ ಪ್ರತಿ ಕೆಲಸದ ವೇಳಾಪಟ್ಟಿಯಲ್ಲೂ ಹಾಗೇ ಬರೀತೀವಿ. ಕ್ಯಾಮೆರಾ ಮುಂದೆ ಎಲ್ಲರೂ ಸರಿಯಾಗಿ ಕೂರ್ತಾರೆ, ಬಟ್ಟೆಗೆ ನಾಟಕ ಆಡೋಕೆ ಬರಲ್ಲ. ನೀನು ಬೈಯೋದು ನಿಲ್ಲಿಸೋ ತನಕ ನಾನು ಯಾವುದಕ್ಕೂ ಸಹಿ ಹಾಕಿದವಳಲ್ಲ. ನೀನು ಕೇಳಬೇಡ ಅಂದೆ, ನಾನು ಕೇಳಲಿಲ್ಲ. ಆದ್ರೆ ಚೀಲ ಬೇಡ ಅಂತ ನೀನು ಅನ್ನಲಿಲ್ಲ. ಅದಕ್ಕೆ ಕಳಿಸ್ತಾನೇ ಬಂದೆ."

ನನ್ನ ಕೈಯಲ್ಲಿದ್ದ ಟೇಪು ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ.

"ಅವತ್ತು ಸ್ಟೇಜ್ ಮೇಲೆ ಇದನ್ನ ಯಾಕೆ ಹೇಳ್ಲಿಲ್ಲ?" ಅಂದೆ.

ಅವಳು ಬಿದ್ದ ಟೇಪು ಎತ್ತಿ ಸುತ್ತತೊಡಗಿದಳು. "ನಾಚಿಕೆ ಆಯ್ತು. ಅಷ್ಟು ದೊಡ್ಡವರ ಮುಂದೆ, ಹಳೆ ಬಟ್ಟೆ ನೋಡಿ ತೀರ್ಮಾನ ಮಾಡ್ತೀವಿ ಅಂದ್ರೆ ನಗ್ತಾರೆ ಅನ್ನಿಸ್ತು. ಅದು ನನ್ನ ಸಣ್ಣತನ." ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ಈ ಸಲ ಮೂರು ಚೀಲನೂ ನೀನು ಸುಮ್ಮನೆ ಕೊಟ್ಟೆ. ಎಲ್ಲ ಸರಿಯಾಗಿದೆ ಅಂತ ನಾನು ಸಹಿ ಹಾಕಿದೆ. ಬೇಜಾರು ಮಾಡ್ಕೋಬೇಡ ಅಕ್ಕ, ನಿನ್ನ ತಪ್ಪಲ್ಲ. ಅರವತ್ತು ದಾಟಿದ ಮೇಲೆ ಕಣ್ಣಿಗೆ ಪೊರೆ ಬರೋದೇ. ನಾನೇ ಮೊದಲೇ ತೋರಿಸ್ಬೇಕಿತ್ತು. ಸೋಮವಾರ ಕಣ್ಣಿನ ಡಾಕ್ಟರ ಹತ್ರ ಹೋಗೋಣ, ನಾನು ಮಾತಾಡಿದೀನಿ."

ಅವಳು ನನಗೆ ಬಾಗಿಲು ತೆರೆದು ಹಿಡಿದಿದ್ದಳು. ಹೂಂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಸೋಮವಾರ ಡಾಕ್ಟರು ಟಾರ್ಚು ಬಿಟ್ಟು ನೋಡಿ ಏನಾದರೂ ಒಂದು ಹೇಳುತ್ತಿದ್ದರು, ವಯಸ್ಸಾದ ಕಣ್ಣಿಗೆ ಕಾರಣಕ್ಕೇನು ಬರವೇ? ಹೂಂ ಎನ್ನಲು ಬಾಯಿ ಕೂಡ ತೆರೆದೆ.

ಅನ್ನುವ ಬದಲು ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದೆ. ಕರೀ ದಾರದ ತುದಿ ಕಚ್ಚಿ, ಕಿಟಕಿಯ ಕಡೆ ತಿರುಗದೆ, ಕನ್ನಡಕವಿಲ್ಲದೆ, ಒಂದೇ ಸಲಕ್ಕೆ ಪೋಣಿಸಿ ಅವಳ ಮುಂದೆ ಹಿಡಿದೆ.

ಅವಳು ಸೂಜಿ ನೋಡಿದಳು, ದಾರ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಯಾವಾಗ ಕಾಣ್ತು?"

"ಮೊದಲನೇ ಚೀಲದಲ್ಲೇ."

"ಎಷ್ಟರಲ್ಲಿ?"

"ಹನ್ನೆರಡರಲ್ಲೂ."

ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಎದ್ದು ಮಷೀನನ್ನು ಬಳಸಿಕೊಂಡು ನನ್ನ ಕಡೆಗೆ ಬಂದಳು. "ಏಳು" ಅಂದಳು. ಎದ್ದೆ. ಅವಳು ಅಪ್ಪನ ಸ್ಟೂಲಿನ ಮೇಲೆ ಕೂತಳು. ಅಲ್ಲಿ ಅವಳು ಕೂತದ್ದು ಅದೇ ಮೊದಲು. ಪೆಡಲಿನ ಮೇಲೆ ಕಾಲಿಟ್ಟಳು, ನಾನು ಬಗ್ಗುವ ಹಾಗೆ ಬಗ್ಗಿದಳು, ನನ್ನ ಹಾಗೆಯೇ ತಲೆ ಎತ್ತಿದಳು. ಎತ್ತಿದ ತಲೆ ಅಲ್ಲೇ ನಿಂತಿತು. ಎದುರಿನ ಗೋಡೆಯಿಂದ ಅವಳೇ ಫಲಕ ಹಿಡಿದು ಅವಳನ್ನು ನೋಡಿ ನಗುತ್ತಿದ್ದಳು.

ನಾನು ಗಿರಾಕಿಗಳ ಹಾಗೆ ಮೇಜಿನ ಈಚೆ ನಿಂತಿದ್ದೆ. ಬಾಗಿಲ ಹತ್ತಿರ ನಮ್ಮ ಯಜಮಾನರು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು.

"ಇಷ್ಟು ವರ್ಷ ಇದನ್ನೇ ನೋಡ್ಕೊಂಡು ಹೊಲಿದ್ಯಾ?"

"ಹೂಂ."

ಅವಳ ಕಣ್ಣು ತುಂಬಿತ್ತು. ಆದರೆ ದನಿ ಮೆತ್ತಗಾಗಲಿಲ್ಲ.

"ಆದ್ರೂ ಹೇಳಬೇಕಿತ್ತಕ್ಕ. ನನಗೋಸ್ಕರ ಅಲ್ಲ. ಇವತ್ತು ಕುತ್ತಿಗೆಗೆ ಪಟ್ಟಿ ಹಾಕ್ಕೊಂಡಿರೋ ಆ ಏಳನೇ ನಂಬರಿನವನು ನಿನಗೇನು ಮಾಡಿದ್ದ?"